ಇಪ್ಪತ್ತೇಳು ಹಳದಿ ಸುತ್ತು

ಅಣೆಕಟ್ಟಿನ ಮೂರನೇ ಗೇಟಿನ ಮುಂದಿನ ನೀರು ಇಳಿದು ಎರಡು ದಿನವಾಗಿತ್ತು. ನಾತ ಮಾತ್ರ ಇಳಿದಿರಲಿಲ್ಲ. ಕಾಂಕ್ರೀಟ್ ಗೋಡೆಗೆ ಜಡಿದ ಕಬ್ಬಿಣದ ಏಣಿಯ ಮೇಲೆ ಅರ್ಧಕ್ಕೆ ನಿಂತು, ಪೇಂಟ್ ಇನ್‌ಸ್ಪೆಕ್ಟರು ಕರವಸ್ತ್ರವನ್ನು ಉದ್ದಕ್ಕೆ ಮಡಿಸಿ ಮೂಗಿಗೆ ಕಟ್ಟಿಕೊಂಡರು. ಕೆಳಗೆ ಮೊಣಕಾಲುದ್ದ ಕೆಸರು. ಅದರಲ್ಲಿ ಹೊಟ್ಟೆ ಮೇಲಾದ ಮೀನು, ಒಂಟಿ ಚಪ್ಪಲಿ, ಹರಿದ ಪ್ಲಾಸ್ಟಿಕ್ ಚೀಲ, ಯಾರದೋ ಮನೆಯಿಂದ ಬಂದ ಹಾಸಿಗೆ. ಹಾಸಿಗೆಯ ಹೊಟ್ಟೆ ಒಡೆದು ಹತ್ತಿ ಹೊರಬಂದಿತ್ತು. ಹತ್ತಿಯ ಮೇಲೆ ಬಸವನಹುಳುಗಳು ಸಂಸಾರ ಹೂಡಿದ್ದವು.

“ಥೂ,” ಎಂದರು.

ಮೇಲೆ ಕಟ್ಟೆಯ ಅಂಚಿನಲ್ಲಿ ಕೂತು ಚಹಾ ಕುಡಿಯುತ್ತಿದ್ದವರಲ್ಲಿ ಒಬ್ಬ ಪಕ್ಕದವನಿಗೆ ಮೊಣಕೈಯಿಂದ ತಿವಿದ. “ಬೋಣಿ ಆಯ್ತು ನೋಡೋ. ಇನ್ನೂ ಎಂಟು ಗಂಟೆ ಕೂಡ ಆಗಿಲ್ಲ.”

ಅಣೆಕಟ್ಟಿನ ಕೆಲಸಗಾರರ ಬಾಯಲ್ಲಿ ಅವರು ‘ಥೂ ಸಾರ್’ ಆಗಿ ಹದಿನೈದು ವರ್ಷವಾಗಿರಬೇಕು. ಎದುರಿಗೆ ಬರೀ ಸಾರ್, ಬೆನ್ನು ತಿರುಗಿಸಿದರೆ ಥೂ ಸಾರ್. ಅದು ಅವರಿಗೂ ಗೊತ್ತಿತ್ತು, ಬೇಸರವಿರಲಿಲ್ಲ. ಐವತ್ತೆಂಟರ ಸಣಕಲು ಮನುಷ್ಯ. ಕೆಸರಿಗೆ ಇಳಿಯುವ ದಿನವೂ ಇಸ್ತ್ರಿ ಮಾಡಿದ ಅಂಗಿ. ಪ್ಯಾಂಟಿನ ಜೇಬಿನಲ್ಲಿ ಮಡಚುವ ಚಾಕು, ಭೂತಗನ್ನಡಿ, ಬಣ್ಣದ ದಪ್ಪ ಅಳೆಯುವ ಬೆಂಕಿಪೊಟ್ಟಣದಷ್ಟು ದೊಡ್ಡ ಮೀಟರು. ಎದೆಯ ಜೇಬಿನಲ್ಲಿ ಒಂದು ಹಳದಿ ಮೇಣದ ಬಳಪ. ಪೇಂಟರುಗಳಿಗೆ ಮೀಟರಿಗಿಂತ ಆ ಬಳಪದ ಭಯವೇ ಹೆಚ್ಚು. ಹೊಸದಾಗಿ ಬಣ್ಣ ಹೊಡೆದ ಉಕ್ಕಿನ ಮುಂದೆ ಅವರು ನಡೆದುಹೋದರೆ ಹಿಂದೆ ಹಳದಿ ಸುತ್ತುಗಳು ಉಳಿಯುತ್ತಿದ್ದವು. ಇಲ್ಲಿ ತೆಳು. ಇಲ್ಲಿ ಧೂಳು ಸೇರಿದೆ. ಇಲ್ಲಿ ನಿನ್ನ ಕೈ ನಿದ್ದೆ ಮಾಡಿದೆ. ಮತ್ತೆ ಹೊಡಿ.

ನದಿಗೆ ಅಡ್ಡಲಾಗಿ ಆರು ಗೇಟು. ಒಂದೊಂದೂ ಎರಡು ಅಂತಸ್ತಿನ ಮನೆಯಷ್ಟು ಎತ್ತರದ ಉಕ್ಕಿನ ಹಲಗೆ. ನೀರಿನ ಕಡೆಯ ಮುಖಕ್ಕೆ ಪಕ್ಕೆಲುಬಿನಂಥ ಅಡ್ಡಪಟ್ಟಿಗಳು. ವರ್ಷವಿಡೀ ನೀರು ಅದನ್ನು ನೆಕ್ಕುತ್ತಿರುತ್ತದೆ. ನೆರೆ ಬಂದಾಗ ಮರಳು, ಜಲ್ಲಿ, ಮರದ ಬೊಡ್ಡೆ ಎಲ್ಲವೂ ಮೈ ಉಜ್ಜಿಕೊಂಡು ಹೋಗುತ್ತವೆ. ಉಕ್ಕಿಗೂ ನದಿಗೂ ನಡುವೆ ಇರುವುದು ಮೂರು ಕೋಟ್ ಲೇಪ ಅಷ್ಟೇ, ಮೂರೂ ಸೇರಿ ಅರ್ಧ ಮಿಲಿಮೀಟರ್. ಎರಡು ಡಬ್ಬಿಗಳ ದ್ರವ ಕಲಸಿ ಹೊಡೆದರೆ ಕಲ್ಲಿನ ಹಾಗೆ ಬಿಗಿಯುವ ಲೇಪ ಅದು. ಇಪ್ಪತ್ತು ವರ್ಷ ಬಾಳಬೇಕಿತ್ತು. ಹನ್ನೊಂದಕ್ಕೇ ಮೂರನೇ ಗೇಟಿನಲ್ಲಿ ತುಕ್ಕು ಕಂಡಿತ್ತು. ಅದಕ್ಕೇ ಗೇಟಿನ ಮುಂದೆ ಉಕ್ಕಿನ ಅಡ್ಡಹಲಗೆಗಳನ್ನು ಇಳಿಸಿ, ನಡುವಿನ ನೀರನ್ನು ಪಂಪು ಹಾಕಿ ಹೊರಚೆಲ್ಲಿ, ಇನ್‌ಸ್ಪೆಕ್ಟರನ್ನು ಕರೆಸಿದ್ದರು.

ಕರೆಸಿದ್ದು ಇಂಜಿನಿಯರಮ್ಮ. ಈ ಅಣೆಕಟ್ಟಿಗೆ ಬಂದು ಒಂದು ವರ್ಷವಾಗಿದ್ದ, ಮಾತು ಕಡಿಮೆಯ ಹೆಣ್ಣುಮಗಳು. ಹಿಂದಿನ ದಿನ ಕಚೇರಿಯಲ್ಲಿ ಎದುರು ಕೂರಿಸಿಕೊಂಡು ವಿಷಯ ಹೇಳಿದ್ದರು.

“ಸಾರ್, ಶುಕ್ರವಾರ ಮಧ್ಯಾಹ್ನದೊಳಗೆ ನಿಮ್ಮ ವರದಿ ಬೇಕು. ತಪ್ಪು ಲೇಪದ್ದಾ, ಹೊಡೆದವರದ್ದಾ? ಹೊಡೆದವರದ್ದು ಅಂತಾದ್ರೆ ಈ ಗೇಟೂ ಸೇರಿ ಆರು ಗೇಟಿನ ಕೆಲಸ ಎಡಚಣ್ಣನ ತಂಡದ ಕೈತಪ್ಪುತ್ತೆ. ಮತ್ತೆ ಅವರು ಇಲ್ಲಿಗೆ ಕಾಲಿಡೋ ಹಾಗಿಲ್ಲ.”

“ಈಗಲೇ ಬರೆದುಕೊಟ್ಟುಬಿಡ್ಲಾ ಮೇಡಂ? ಆ ಮನುಷ್ಯನ ಕೈ ನನಗೆ ಹನ್ನೊಂದು ವರ್ಷದಿಂದ ಗೊತ್ತು.”

“ನೋಡಿ ಬರೀರಿ ಸಾರ್,” ಎಂದಿದ್ದರು ಅವರು. ಕಚೇರಿಯ ಚಹಾದ ಲೋಟದ ಅಂಚಿನಲ್ಲಿ ಯಾರದೋ ತುಟಿಯ ಗುರುತಿತ್ತು. ಇನ್‌ಸ್ಪೆಕ್ಟರು ಅದನ್ನು ಮುಟ್ಟದೆ ಎದ್ದುಬಂದಿದ್ದರು.

ಎಡಚಣ್ಣ ಈಗ ಅಟ್ಟಣಿಗೆಯ ಮೊದಲ ಹಲಗೆಯ ಮೇಲೆ ನಿಂತು ಅವರಿಗಾಗಿ ಕಾಯುತ್ತಿದ್ದ. ಸ್ಪ್ರೇ ಗನ್ನು ಹಿಡಿಯುವುದು ಎಡಗೈಯಲ್ಲಿ, ಅದಕ್ಕೆ ಆ ಹೆಸರು. ಅರವತ್ತರ ಹತ್ತಿರದ ಗಟ್ಟಿ ಆಳು. ಎಡ ಭುಜ ಬಲ ಭುಜಕ್ಕಿಂತ ಒಂದು ಸುತ್ತು ದಪ್ಪ. ಅವನ ತಂಡದಲ್ಲಿ ಹದಿನಾಲ್ಕು ಜನ. ಅವರಲ್ಲೊಬ್ಬಳು ಸ್ವಂತ ಮಗಳು, ಮೂವತ್ತು ದಾಟಿದವಳು. ಮದುವೆಯಾಗಿ ಎರಡು ಮಕ್ಕಳಾದ ಮೇಲೂ ಅಪ್ಪನ ಜೊತೆ ತುಕ್ಕು ಕೆರೆಯುವ ಕೆಲಸ ಬಿಟ್ಟಿರಲಿಲ್ಲ.

“ಹುಷಾರು ಸಾರ್, ಲೋಳೆ ಇದೆ,” ಎಂದು ಎಡಚಣ್ಣ ಕೈ ಚಾಚಿದ.

ಇನ್‌ಸ್ಪೆಕ್ಟರು ಆ ಕೈಯನ್ನು ನೋಡಿದರು. ಬೆರಳಸಂದಿಯಲ್ಲಿ ಹಸಿರು ಪಾಚಿ ಮೆತ್ತಿತ್ತು. ಅದನ್ನು ಹಿಡಿಯದೆ ಅಟ್ಟಣಿಗೆಯ ಕೊಳವೆ ಹಿಡಿದುಕೊಂಡು ಹತ್ತಿದರು. ಕೊಳವೆಯ ಮೇಲೂ ಲೋಳೆಯೇ ಇತ್ತು. ಅಂಗೈಯನ್ನು ಹಲಗೆಯ ಅಂಚಿಗೆ ಉಜ್ಜಿ ಒರೆಸಿಕೊಂಡರು.

ಗೇಟಿನ ಕೆಳಗಿನ ಅಂಚನ್ನು ಜಲ್ಲಿ ತಿಂದುಹಾಕಿತ್ತು. ಮೊಳದಷ್ಟು ಅಗಲಕ್ಕೆ ಲೇಪವೇ ಇಲ್ಲದೆ ಉಕ್ಕು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಅದು ನದಿಯ ಕೆಲಸ, ಯಾರನ್ನೂ ಬೈಯುವಂತಿಲ್ಲ. ಟಿಪ್ಪಣಿ ಪುಸ್ತಕದಲ್ಲಿ ಅಷ್ಟನ್ನು ಬರೆದುಕೊಂಡರು. ಎರಡನೇ ಹಲಗೆಗೆ ಏರಿದರು. ಅಲ್ಲಿ ಜಲ್ಲಿ ತಲುಪುವುದಿಲ್ಲ, ಲೇಪ ಹೊಸದರಂತೆ ಇರಬೇಕು. ಆದರೆ ಅಲ್ಲೇ ತುಕ್ಕು ಇತ್ತು. ಪಾಚಿಯ ನಡುವೆ ಇಟ್ಟಿಗೆ ಬಣ್ಣದ ಕಲೆಗಳು, ಅವುಗಳಿಂದ ಕೆಳಗಿಳಿದ ಕಂದು ಗೆರೆಗಳು.

“ನೋಡಿದ್ಯಾ?” ಎಂದರು ಇನ್‌ಸ್ಪೆಕ್ಟರು, ಒಂಥರಾ ಸಮಾಧಾನದಿಂದ. “ಇಲ್ಲಿ ಕಲ್ಲು ಬಂತಾ? ಮರ ಬಂತಾ? ಇದು ನಿನ್ನ ಕೈ ಕೆಲಸ. ಥೂ, ಇಂಥಾದ್ದನ್ನ ಮುಚ್ಚಿಟ್ಟು ಹೋಗಿದ್ಯಲ್ಲ.”

ಎಡಚಣ್ಣ ಬಗ್ಗಿ ಆ ಕಲೆಗಳನ್ನು ನೋಡಿದ. ಮಾತಾಡಿದ್ದು ಆಚೆ ತುದಿಯಲ್ಲಿ ಪಾಚಿ ಕೆರೆಯುತ್ತಿದ್ದ ಮಗಳು.

“ಅಪ್ಪಾ, ಈ ತುಕ್ಕು ಒಂಥರಾ ವಿಚಿತ್ರವಾಗಿದೆ. ಬಳೆ ಬಳೆ ಹಾಗೆ ಬಂದಿದೆ ನೋಡು. ನಡುವೆ ಏನೂ ಇಲ್ಲ, ಸುತ್ತ ಮಾತ್ರ.” ಒಂದರ ಮೇಲೆ ಬೆರಳಾಡಿಸಿದಳು. “ಬಾಲ ಬೇರೆ ಇದೆ.”

ಇನ್‌ಸ್ಪೆಕ್ಟರು ಅತ್ತ ಹೋದರು. ಅವಳು ಕೆರೆದ ಜಾಗದಲ್ಲಿ ಅಂಗೈಯಗಲದ ಉಂಗುರವಿತ್ತು. ಉಂಗುರದ ಬಲಗಡೆಗೆ, ಕೆಳಮುಖವಾಗಿ, ಚಿಕ್ಕದೊಂದು ಬಾಲ. ಪಕ್ಕದಲ್ಲಿ ಇನ್ನೊಂದು, ಅದಕ್ಕೂ ಬಾಲ. ತುಕ್ಕು ಹೀಗೆ ಹಿಡಿಯುವುದಿಲ್ಲ. ತುಕ್ಕಿಗೆ ಅಂಚಿನಲ್ಲಿ, ವೆಲ್ಡಿಂಗ್ ಗೆರೆಯಲ್ಲಿ, ಬೋಲ್ಟಿನ ಬುಡದಲ್ಲಿ ಆಸೆ. ಬಯಲು ಜಾಗದಲ್ಲಿ ರಂಗೋಲಿ ಹಾಕಿಕೊಂಡು ಕೂರುವ ತುಕ್ಕನ್ನು ಅವರು ಮೀಟರು ಹಿಡಿದ ಮೂವತ್ತೈದು ವರ್ಷದಲ್ಲಿ ಕಂಡಿರಲಿಲ್ಲ.

ಚಾಕು ಬಿಚ್ಚಿ, ಉಂಗುರದ ಅಂಚಿಗೆ ತುದಿ ತೂರಿಸಿ ಮೀಟಿದರು. ಹೆಬ್ಬೆಟ್ಟಿನುಗುರಿನಷ್ಟು ಚಕ್ಕೆ ಸಲೀಸಾಗಿ ಎದ್ದುಬಂತು. ಅಂಟಿದ ಲೇಪ ಹಾಗೆ ಬರುವುದಿಲ್ಲ, ಉಳಿ ಬೇಕಾಗುತ್ತದೆ. ಚಕ್ಕೆಯನ್ನು ಮಗುಚಿ, ಭೂತಗನ್ನಡಿ ಹಿಡಿದು ನೋಡಿದರು.

ಬೆನ್ನಿನ ಮೇಲೆ ಬಾಗಿದ ಹಳದಿ ಗೆರೆ. ಹನ್ನೊಂದು ವರ್ಷ ನೀರಿನಡಿಯಲ್ಲಿ ಕೂತಿದ್ದರೂ ನಿನ್ನೆ ಎಳೆದಂತೆ ಇತ್ತು. ಉಗುರಿನಿಂದ ಉಜ್ಜಿದರು. ಜಿಡ್ಡಾಗಿ ಉಗುರಿಗೆ ಮೆತ್ತಿಕೊಂಡಿತು.

ಅವರ ಎಡಗೈ ತಾನಾಗಿ ಎದೆಯ ಜೇಬಿಗೆ ಹೋಯಿತು. ಬಳಪ ಅಲ್ಲೇ ಇತ್ತು. ಸುತ್ತು ಮುಗಿಸುವಾಗ ಬಲಕ್ಕೆ ಒಂದು ಬಾಲ ಎಳೆಯುವುದು ಅವರದೇ ಅಭ್ಯಾಸ. ಬೇರೆ ಯಾರಾದರೂ ನಕಲು ಸುತ್ತು ಹಾಕಿದರೆ ಗೊತ್ತಾಗಲಿ ಎಂದು ಮಾಡಿಕೊಂಡದ್ದು.

“ಅವತ್ತು ಕೇಳಿದ್ದೆ ಸಾರ್,” ಎಂದ ಎಡಚಣ್ಣ. ಅವನೂ ಚಕ್ಕೆಯನ್ನು ನೋಡಿದ್ದ. ದನಿಯಲ್ಲಿ ಏರಿಳಿತವಿರಲಿಲ್ಲ. “ಎರಡನೇ ಕೋಟ್ ಮೇಲೆ ನೀವು ಸುತ್ತು ಹಾಕಿದ್ರಿ. ಮೂರನೇದು ಹೊಡೆಯೋ ಮುಂಚೆ ತಿನ್ನರ್ ಹಾಕಿ ಒರೆಸಿಬಿಡ್ಲಾ ಅಂತ ಕೇಳಿದ್ದೆ. ಜಿಡ್ಡಿನ ಮೇಲೆ ಲೇಪ ಕೂರಲ್ವಲ್ಲ ಅಂದಿದ್ದೆ.”

“ನಾನೇನಂದೆ?”

“ಥೂ ಅಂದ್ರಿ.”

ಮಗಳು ನಗು ತಡೆಯಲು ಮುಖ ಆಚೆ ತಿರುಗಿಸಿದಳು.

ಅವರು ಅಂದದ್ದು ಅಷ್ಟೇ ಆಗಿರಲಿಲ್ಲ. ಇನ್‌ಸ್ಪೆಕ್ಟರಿಗೆ ಪೂರ್ತಿ ಮಾತು ನೆನಪಿತ್ತು. “ಥೂ ಕಳ್ಳ, ಗುರುತು ಅಳಿಸಿಬಿಟ್ಟರೆ ಆಯ್ತು, ಕೆಲಸ ಮಾಡೋದೇ ಬೇಡ, ಅಲ್ವಾ? ನನ್ನ ಸುತ್ತಿನ ಮೇಲೆ ಬಟ್ಟೆ ಇಟ್ಟವನು ಅವತ್ತೇ ಮನೆಗೆ” ಎಂದಿದ್ದರು. ಎಲ್ಲರೆದುರು ಕೂಗಿ ಹೇಳಿದ್ದರು.

ಅವರು ಹಾಗೆ ಕೂಗಲು ಕಾರಣವಿತ್ತು. ಹತ್ತೊಂಬತ್ತನೇ ವಯಸ್ಸಿಗೆ ಅವರು ಈ ಕಸುಬಿಗೆ ಬಂದದ್ದು ಪೇಂಟರಾಗಿ, ಒಂದು ಸೇತುವೆಯ ಕೆಲಸಕ್ಕೆ. ಮೊದಲ ವಾರವೇ ಮೇಸ್ತ್ರಿಯೊಬ್ಬ ತೊಲೆಯ ಮೂಲೆಯಲ್ಲಿ ಸತ್ತು ಒಣಗಿದ್ದ ಕಪ್ಪೆಯನ್ನು ತೆಗೆಯದೆ, ಅದರ ಮೇಲೇ ಬ್ರಷ್ಷು ಎಳೆದ. ಕಪ್ಪೆ ಬೂದು ಬಣ್ಣದ್ದಾಯಿತು, ನಾಲ್ಕು ಕಾಲೂ ಸ್ಪಷ್ಟವಾಗಿ ಕಾಣುತ್ತಿತ್ತು. ಮಧ್ಯಾಹ್ನ ಬಂದ ಅಲ್ಲಿಯ ಇನ್‌ಸ್ಪೆಕ್ಟರು ಅದನ್ನು ಬೋಲ್ಟು ಎಂದುಕೊಂಡರೋ ಏನೋ, ತಲೆಯಾಡಿಸಿ ಸಹಿ ಹಾಕಿದರು. ಮೇಸ್ತ್ರಿ ಕಣ್ಣು ಹೊಡೆದು, “ಗಟ್ಟಿಯಾಗಿ ಕೂತಿದೆ ಬಿಡಪ್ಪ, ಇನ್ನು ಎಲ್ಲಿಗೆ ಹಾರುತ್ತೆ” ಎಂದ. ಹುಡುಗ ಸೇತುವೆಯ ಕಂಬದ ಹಿಂದೆ ಹೋಗಿ ವಾಂತಿ ಮಾಡಿಕೊಂಡ. ಆ ಬಣ್ಣ ಬಳಿದ ಕಪ್ಪೆ ಅವರ ತಲೆಯಿಂದ ಇವತ್ತಿಗೂ ಇಳಿದಿಲ್ಲ. ಪರೀಕ್ಷೆಗಳಿಗೆ ಓದಿ, ಬ್ರಷ್ಷು ಬಿಟ್ಟು ಮೀಟರು ಹಿಡಿದದ್ದು ಅದರ ದೆಸೆಯಿಂದ. ಬೇರೆಯವರು ಹೊಟ್ಟೆಪಾಡಿಗಾಗಿ ಅಸಹ್ಯವನ್ನು ನುಂಗಿಕೊಳ್ಳುತ್ತಾರೆ. ಇವರಿಗೆ ಅಸಹ್ಯವೇ ಹೊಟ್ಟೆಪಾಡಾಯಿತು.

ಮೊದಮೊದಲು ಗುರುತು ಹಾಕುತ್ತಿದ್ದದ್ದು ಸೀಮೆಸುಣ್ಣದಲ್ಲಿ. ಒಂದು ಸಲ, ಒಂದು ಸೇತುವೆಯಲ್ಲಿ, ಬೆಳಗ್ಗೆ ನಲವತ್ತು ಸುತ್ತು ಹಾಕಿ ಊಟಕ್ಕೆ ಹೋದರು. ಬಂದು ನೋಡಿದರೆ ಒಂದೂ ಇಲ್ಲ. ಎಲ್ಲ ಸರಿಮಾಡಿದ್ದೇವೆ ಎಂದರು ಪೇಂಟರುಗಳು. ಇವರು ನಂಬಿ ಸಹಿ ಹಾಕಿದರು. ಆರು ತಿಂಗಳಿಗೆ ಆ ನಲವತ್ತು ಜಾಗವೂ ತುಕ್ಕು ಹಿಡಿದವು. ಪೇಂಟರುಗಳು ಮಾಡಿದ್ದು ಇಷ್ಟೇ: ಒದ್ದೆ ಬಟ್ಟೆ ತೆಗೆದುಕೊಂಡು ಸೀಮೆಸುಣ್ಣ ಒರೆಸಿದ್ದರು, ಬ್ರಷ್ಷು ಮುಟ್ಟಿರಲಿಲ್ಲ. ಅಂದಿನಿಂದ ಮೇಣದ ಬಳಪ ಬಂತು. ನೀರಿಗೆ ಹೋಗದು, ಬಟ್ಟೆಗೆ ಹೋಗದು. ಜೊತೆಗೆ ಒಂದು ಕಟ್ಟಪ್ಪಣೆ: ಕೊನೆಯ ಸಹಿ ಬೀಳುವ ತನಕ ಗುರುತನ್ನು ಯಾರೂ ಅಳಿಸಬಾರದು, ಗುರುತಿನ ಮೇಲೇ ಲೇಪ ಹೊಡೆಯಬೇಕು. ಮೇಣದ ಮೇಲೆ ಲೇಪ ಕೂರುವುದಿಲ್ಲ ಎಂಬುದು ಈ ಕಸುಬಿನ ಮೊದಲ ಪಾಠ. ಅದನ್ನು ಅವರು ಎಷ್ಟೋ ಜನಕ್ಕೆ ಹೇಳಿಕೊಟ್ಟಿದ್ದರು. ಬಳಪ ಮೇಣದ್ದು ಎಂಬುದು ಅವರಿಗೆ ಹೊಳೆಯದೆ ಹೋಯಿತು. ಕಣ್ಣೆಲ್ಲ ಕಳ್ಳರ ಮೇಲಿತ್ತು.

ಊಟದ ಹೊತ್ತಿಗೆ ಎಲ್ಲರೂ ಮೇಲೆ ಹೋದರು. ಇನ್‌ಸ್ಪೆಕ್ಟರು ಡಬ್ಬಿ ಬಿಚ್ಚಲಿಲ್ಲ. ಚೀಲದಿಂದ ಹನ್ನೊಂದು ವರ್ಷದ ಹಿಂದಿನ ಪುಸ್ತಕ ತೆಗೆದರು. ಎಡಚಣ್ಣನ ತಪ್ಪುಗಳನ್ನು ತೋರಿಸಲೆಂದೇ ಮನೆಯಿಂದ ತಂದಿದ್ದದ್ದು. ಅದರಲ್ಲಿ ಮೂರನೇ ಗೇಟಿನ ಚಿತ್ರವಿತ್ತು, ಚಿತ್ರದ ಮೇಲೆ ಒಂದೊಂದು ಸುತ್ತಿನ ಜಾಗ, ಅದಕ್ಕೊಂದು ಸಂಖ್ಯೆ. ಒಟ್ಟು ಇಪ್ಪತ್ತೇಳು.

ಎಡಚಣ್ಣನ ಮಗಳು ಗೇಟಿನ ಮೇಲೆ ಇಪ್ಪತ್ತಾರು ಉಂಗುರ ಎಣಿಸಿದ್ದಳು.

ಒಂದು ಕಡಿಮೆ. ಒಂದಾದರೂ ಸುತ್ತು ಗಟ್ಟಿಯಾಗಿ ಉಳಿದಿದ್ದರೆ ಕಾರಣ ಬಳಪವಲ್ಲ, ಬೇರೆ ಏನೋ ಎಂದು ವಾದಿಸಬಹುದು. ತಾವೇ ಅಂಥ ವಾದಗಳನ್ನು ಮುರಿದುಹಾಕಿದವರು. ಆದರೂ ಆ ಹೊತ್ತಿನಲ್ಲಿ ಅದು ಅವರ ಮನಸ್ಸಿಗೆ ಬಂತು. ಪುಸ್ತಕಕ್ಕೆ ಹೋಲಿಸಿದರೆ ಸಿಗದಿದ್ದದ್ದು ಹತ್ತೊಂಬತ್ತನೇ ಸುತ್ತು, ಮೂರನೇ ಅಡ್ಡಪಟ್ಟಿಯ ಕೆಳಗೆ, ಎಡಮೂಲೆ. ಏಣಿ ಹತ್ತಿ ನೋಡಿದರು. ಆ ಮೂಲೆ ಕಾಣುತ್ತಲೇ ಇರಲಿಲ್ಲ. ಅಲ್ಲಿ ಬಸವನಹುಳುಗಳು ಒಂದರ ಮೇಲೊಂದು ಗುಡ್ಡೆ ಬಿದ್ದು, ಅರ್ಧ ಸತ್ತು, ಅರ್ಧ ಬದುಕಿ, ಗಂಜಿಯಂಥ ಲೋಳೆ ಸುರಿಸುತ್ತಿದ್ದವು.

ಕೆರೆಯುವ ಪಟ್ಟಿ ಕೆಳಗೆ ಉಳಿದಿತ್ತು. ಕೈಗವಸೂ ಇರಲಿಲ್ಲ. ಇಳಿದುಹೋಗಿ ತರಬಹುದಿತ್ತು, ಇಳಿದರೆ ಮತ್ತೆ ಹತ್ತುವುದಿಲ್ಲವೆಂದು ಅವರಿಗೆ ಅನ್ನಿಸಿತು. ಉಸಿರು ಬಿಗಿಹಿಡಿದು ಬರಿಗೈ ಹಾಕಿದರು. ಚಿಪ್ಪುಗಳು ಬೆರಳಡಿಯಲ್ಲಿ ಪಟಪಟ ಒಡೆದವು. ತಣ್ಣಗಿನ ರಸ ಮಣಿಕಟ್ಟಿನಿಂದ ಇಸ್ತ್ರಿಯ ತೋಳಿನೊಳಕ್ಕೆ ಹರಿಯಿತು. ಮೂರು ಹಿಡಿ, ನಾಲ್ಕು ಹಿಡಿ ಕಿತ್ತು ಕೆಳಗೆ ಎಸೆದರು. ಅಡಿಯಲ್ಲಿ ಉಂಗುರ ಇತ್ತು. ಬಾಲವೂ ಇತ್ತು.

ಏಣಿಯ ಮೇಲೇ ಬಾಗಿ ಕೆಸರಿಗೆ ವಾಂತಿ ಮಾಡಿದರು. ಹೊಟ್ಟೆಯಲ್ಲಿ ಬೆಳಗಿನ ಬ್ರೆಡ್ಡು, ಚಹಾ ಬಿಟ್ಟು ಬೇರೇನೂ ಇರಲಿಲ್ಲ.

ಸಂಜೆ ಮನೆಗೆ ಬಂದವರು ನೇರ ಬಚ್ಚಲಿಗೆ ಹೋದರು. ಅರ್ಧ ಗಂಟೆ ಕೈ ಉಜ್ಜಿದರು. ಹುಳುವಿನ ವಾಸನೆ ಹೋಯಿತು. ಉಗುರಿನ ಹಳದಿ ಹೋಗಲಿಲ್ಲ.

“ಇವತ್ತು ಯಾರ ಮೇಲೆ ಥೂ?” ಅಡುಗೆಮನೆಯಿಂದ ಹೆಂಡತಿ ಕೇಳಿದರು. ಮೂವತ್ತು ವರ್ಷದ ದಾಂಪತ್ಯದಲ್ಲಿ ಅದು ಅವರಿಬ್ಬರ ನಡುವಿನ ಕುಶಲಪ್ರಶ್ನೆ. ಬಚ್ಚಲಿನಿಂದ ನೀರಿನ ಸದ್ದು ಮಾತ್ರ ಬಂತು. “ಯಾಕೆ, ಸ್ಟಾಕ್ ಖಾಲಿನಾ?”

ಇನ್‌ಸ್ಪೆಕ್ಟರು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು. ಮಾಮೂಲಿ ದಿನವಾಗಿದ್ದರೆ ಅಷ್ಟರಲ್ಲಿ ಕಿಟಕಿಯ ಸರಳಿನ ಮೇಲೆ ಬೆರಳಾಡಿಸಿ, ಜಿಡ್ಡು ನೋಡಿ, ಏನಾದರೂ ಒಂದು ಅಂದಿರುತ್ತಿದ್ದರು. ಈಗ ಕೈ ಮುಂದೆ ಚಾಚಿದರು, ಮಗು ತೋರಿಸುವ ಹಾಗೆ.

“ಹೋಗ್ತಾ ಇಲ್ಲ.”

“ಸೋಪಿಗೆ ಎಲ್ಲಿ ಹೋಗುತ್ತೆ ಅದು? ಎಣ್ಣೆ ಹಾಕಿ ಉಜ್ಜಿ. ಮೇಣ ಅಲ್ವಾ?” ಹೆಂಡತಿ ಒಲೆ ಸಣ್ಣದು ಮಾಡಿದರು. “ನಿಮ್ಮ ಬಿಳಿ ಅಂಗಿ ಮಾಸಿತು ಅಂತ ನೀಲಿ ಬಣ್ಣಕ್ಕೆ ಅದ್ದಿದ್ನಲ್ಲ, ನೆನಪಿದ್ಯಾ? ಜೇಬಿನ ಹತ್ರ ಬಣ್ಣ ಹಿಡೀಲೇ ಇಲ್ಲ. ಆ ಬಳಪ ತಾಗಿದ್ದ ಕಡೆಯೆಲ್ಲ ಬಿಳಿ ಬಿಳಿ ಗೆರೆ. ಈಗ ಒಲೆ ಒರೆಸೋ ಬಟ್ಟೆ ಅದೇ.”

ಮೊಳೆಗೆ ನೇತುಹಾಕಿದ್ದ ಬಟ್ಟೆಯನ್ನು ಇನ್‌ಸ್ಪೆಕ್ಟರು ತೆಗೆದು ನೋಡಿದರು. ನೀಲಿಯ ನಡುವೆ ಬಣ್ಣ ಹತ್ತದ ಗೆರೆಗಳು. ದಿನಾ ಕಣ್ಣೆದುರು ತೂಗಾಡುತ್ತಿದ್ದ ಬಟ್ಟೆ.

“ಯಾವಾಗಿನ ಮಾತು ಇದು?”

“ಏಳೆಂಟು ವರ್ಷ ಆಗಿರಬೇಕು.”

“ನನಗೆ ಯಾಕೆ ಹೇಳಲಿಲ್ಲ?”

“ಹೇಳದೆ ಏನು? ಈ ಬಳಪದ ಮೇಲೆ ಬಣ್ಣ ನಿಲ್ಲಲ್ಲಾರೀ ಅಂದೆ. ಬಟ್ಟೆಗೆ ಬಣ್ಣ ಹಾಕೋದೂ ಬರಲ್ವಾ ನಿಂಗೆ ಅಂದ್ರಿ. ಆಮೇಲೆ ನಾನು ಯಾಕೆ ಬಾಯಿ ಬಿಡ್ಲಿ?”

ಊಟಕ್ಕೆ ಕೂತು, ಎರಡು ತುತ್ತಿಗೆ ಎದ್ದರು. ಹೆಂಡತಿಗೆ ವಿಷಯ ಹೇಳಿದ್ದು ಆಮೇಲೆ, ಎಲ್ಲವನ್ನೂ ಕ್ರಮವಾಗಿ, ವರದಿ ಒಪ್ಪಿಸುವವರ ಹಾಗೆ. ಇನ್‌ಸ್ಪೆಕ್ಟರಿಗೆ ಕಂಡದ್ದನ್ನು ಬರೆಯುವುದಲ್ಲದೆ ಇನ್ನೊಂದು ದಾರಿಯೂ ಇತ್ತು. ‘ಲೇಪ ಹೊಡೆದವರ ಅಜಾಗರೂಕತೆ’ ಎಂದು ಒಂದು ಸಾಲು ಬರೆದರೆ ಸಾಕು, ಎಡಚಣ್ಣ ಹೋಗುತ್ತಾನೆ, ಬೇರೆ ತಂಡ ಬಂದು ಗೇಟಿಗೆ ಜೋರಾಗಿ ಮರಳು ಹೊಡೆದು ಹಳೆಯ ಲೇಪ ಕೀಳುತ್ತದೆ, ಇಪ್ಪತ್ತೇಳು ಉಂಗುರವೂ ಅರ್ಧ ದಿನದಲ್ಲಿ ಪುಡಿಯಾಗಿ ಉದುರುತ್ತವೆ. ಪೇಂಟರನ ಮಾತಿನ ಮೇಲೆ ಇನ್‌ಸ್ಪೆಕ್ಟರನ್ನು ಯಾರೂ ಪ್ರಶ್ನಿಸುವುದಿಲ್ಲ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು.

“ಹಾಗೆ ಬರೆದ್ರೆ ಯಾರಿಗೂ ಗೊತ್ತಾಗಲ್ವಾ?” ಹೆಂಡತಿ ಕೇಳಿದರು.

“ಗೊತ್ತಾಗಲ್ಲ.”

“ಮೇಲಿಂದ ನೋಡಿದ್ರೆ ಚೆನ್ನಾಗೇ ಕಾಣುತ್ತೆ.”

“ಹೂಂ.”

“ನಿಮ್ಮ ಕಪ್ಪೆ ಥರ,” ಎಂದು ಹೆಂಡತಿ ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಆ ಕಪ್ಪೆಯ ಕಥೆಯನ್ನು ಅವರು ಮದುವೆಯಾದ ವಾರದಿಂದ ಕೇಳುತ್ತಾ ಬಂದಿದ್ದರು.

ಶುಕ್ರವಾರ ಹನ್ನೊಂದಕ್ಕೆ ಇನ್‌ಸ್ಪೆಕ್ಟರು ಇಂಜಿನಿಯರಮ್ಮನ ಮೇಜಿನ ಮೇಲೆ ಒಂದು ಹಾಳೆ ಇಟ್ಟರು. ಅದರ ಪಕ್ಕದಲ್ಲಿ, ಚಿಕ್ಕ ಪ್ಲಾಸ್ಟಿಕ್ ಪೊಟ್ಟಣದಲ್ಲಿ, ಲೇಪದ ಚಕ್ಕೆ, ಬೆನ್ನು ಮೇಲಾಗಿ. ಹಾಳೆಯಲ್ಲಿ ಕೆಳಗಿನ ಅಂಚಿನ ಸವೆತದ ಅಳತೆಗಳಿದ್ದವು. ಅವುಗಳ ಕೆಳಗೆ ಹೀಗಿತ್ತು: ‘ಮೇಲ್ಭಾಗದ ತುಕ್ಕಿಗೆ ಕಾರಣ, ಎರಡನೇ ಕೋಟ್ ಮೇಲೆ ಇನ್‌ಸ್ಪೆಕ್ಟರು ಹಾಕಿದ ಮೇಣದ ಗುರುತು. ಅದರ ಮೇಲೆ ಮೂರನೇ ಕೋಟ್ ಅಂಟಿಲ್ಲ. ಗುರುತನ್ನು ಒರೆಸಲು ಪೇಂಟರ್ ಕೇಳಿದ್ದರು. ಇನ್‌ಸ್ಪೆಕ್ಟರು ಬಿಡಲಿಲ್ಲ. ಇಪ್ಪತ್ತೇಳು ಗುರುತುಗಳಲ್ಲಿ ಇಪ್ಪತ್ತೇಳೂ ಕೆಟ್ಟಿವೆ.’ ಕೆಳಗೆ ಸಹಿ.

ಇಂಜಿನಿಯರಮ್ಮ ಎರಡು ಸಲ ಓದಿದರು. ಚಕ್ಕೆಯನ್ನು ಬೆಳಕಿಗೆ ಹಿಡಿದರು.

“ಉಳಿದ ಐದು ಗೇಟುಗಳಲ್ಲೂ ನೀವೇ ಗುರುತು ಹಾಕಿದ್ದಾ ಸಾರ್?”

“ಹೌದು ಮೇಡಂ. ಅದೇ ವರ್ಷ. ಆರೂ ಸೇರಿ ಇನ್ನೂರ ಹದಿನಾಲ್ಕು.”

“ಇದೇ ಬಳಪ?”

“ಇದೇ.”

“ಈ ಅಣೆಕಟ್ಟಿನಲ್ಲಿ ಮಾತ್ರ ಅಲ್ವಾ?”

ಇನ್‌ಸ್ಪೆಕ್ಟರು ಚೀಲದಿಂದ ಉಳಿದ ಪುಸ್ತಕಗಳನ್ನು ತೆಗೆದು ಮೇಜಿನ ಮೇಲೆ ಜೋಡಿಸಿದರು. ಒಂಬತ್ತು ಇದ್ದವು. “ಎರಡು ಸೇತುವೆ. ಪಂಪುಮನೆಯ ದೊಡ್ಡ ಪೈಪು, ಒಳಗಡೆ. ಒಂದು ಟ್ಯಾಂಕು.”

“ಯಾವ ಟ್ಯಾಂಕು?”

“ಕುಡಿಯೋ ನೀರಿನದು.”

ಇಂಜಿನಿಯರಮ್ಮ ಚಕ್ಕೆಯ ಪೊಟ್ಟಣವನ್ನು ಮೇಜಿನ ಮೇಲೆ, ತಮ್ಮ ಚಹಾದ ಲೋಟದಿಂದ ದೂರಕ್ಕೆ ಸರಿಸಿಟ್ಟರು. ಬೆರಳನ್ನು ಕಾಗದಕ್ಕೆ ಒರೆಸಿಕೊಂಡರು. ಅವರ ಮೂಗಿನ ಪಕ್ಕ ಒಂದು ಗೆರೆ ಬಿತ್ತು, ಮೇಲ್ದುಟಿ ಸ್ವಲ್ಪ ಎದ್ದಿತು. ಆ ಮುಖವನ್ನು ಇನ್‌ಸ್ಪೆಕ್ಟರು ಚೆನ್ನಾಗಿ ಬಲ್ಲರು. ಇಷ್ಟು ವರ್ಷ ಅವರು ಆ ಮುಖದ ಒಳಗಡೆ ಇದ್ದರು, ಹೊರಗಿನಿಂದ ನೋಡಿದ್ದು ಇದೇ ಮೊದಲು. ನೋಡಲು ಚೆನ್ನಾಗಿರಲಿಲ್ಲ.

“ಟ್ಯಾಂಕಿನವರಿಗೆ ನಾನೇ ಫೋನ್ ಮಾಡ್ತೀನಿ,” ಎಂದರು ಇಂಜಿನಿಯರಮ್ಮ. “ನಿಮ್ಮ ಸಹಿ ಸದ್ಯಕ್ಕೆ ಎಲ್ಲೂ ಬೇಡ ಸಾರ್. ಬೇರೆ ಇನ್‌ಸ್ಪೆಕ್ಟರನ್ನ ಕರೆಸ್ತೀನಿ. ಆದ್ರೆ ಸುತ್ತು ಎಲ್ಲೆಲ್ಲಿದೆ ಅಂತ ಗೊತ್ತಿರೋದು ನಿಮಗೊಬ್ಬರಿಗೇ. ಪ್ರತಿ ಗೇಟಿಗೂ ಪುಸ್ತಕ ಹಿಡ್ಕೊಂಡು ಬಂದು ತೋರಿಸ್ಬೇಕು.”

“ಯಾರಿಗೆ?”

“ಇನ್ಯಾರಿಗೆ? ಎಡಚಣ್ಣನ ತಂಡಕ್ಕೆ.”

ಹೊರಗೆ ಬಂದಾಗ ಎಡಚಣ್ಣ ಕಟ್ಟೆಯ ಮೇಲೆ ಕೂತು ಮಗಳ ಜೊತೆ ಚಹಾ ಕುಡಿಯುತ್ತಿದ್ದ. ಸುದ್ದಿ ಆಗಲೇ ತಲುಪಿತ್ತು. ಅವನು ಏಳಲಿಲ್ಲ.

“ಬರೆದ್ರಂತೆ.”

“ಬರೆದೆ.”

“ಹನ್ನೊಂದು ವರ್ಷ ಹೋದಲ್ಲೆಲ್ಲ ಎಡಚನ ಕೈ ಸರಿ ಇಲ್ಲ ಅಂದ್ರಲ್ಲ ಸಾರ್. ಎರಡು ಸೇತುವೆ ಕೆಲಸ ಹೋಯ್ತು ನನಗೆ. ಅದನ್ನ ಯಾವ ಹಾಳೇಲಿ ಬರೀತೀರಿ?”

ಇನ್‌ಸ್ಪೆಕ್ಟರು ಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದರು.

“ಬಿಡಪ್ಪಾ,” ಎಂದಳು ಮಗಳು. “ಸಾರ್, ಒಂದು ಕೇಳ್ಲಾ? ಗೇಟಿನ ಕೆಳಗೆ ವಾಂತಿ ಮಾಡಿದ್ದು ಯಾರು? ಅವತ್ತು ಮೂರು ಗಂಟೆಗೆ ಇಳಿದವಳು ನಾನು, ನೇರ ಅದರ ಮೇಲೇ ಕಾಲಿಟ್ಟೆ.”

“ನಾನೇ,” ಎಂದರು ಇನ್‌ಸ್ಪೆಕ್ಟರು.

“ಛೀ,” ಎಂದಳು ಅವಳು. ತಮಾಷೆಗೆ ಅಂದಿರಲಿಲ್ಲ.

ಎಡಚಣ್ಣ ಲೋಟದ ತಳದ ಚಹಾಪುಡಿಯನ್ನು ಬಾಯಿಗೆ ಹಾಕಿಕೊಂಡು, ಮುಕ್ಕಳಿಸಿ, ಕಟ್ಟೆಯ ಆಚೆಗೆ ಉಗುಳಿದ. ಆಮೇಲೆ ಎದ್ದು, ಬೆನ್ನ ಹಿಂದೆ ಕೈ ಒರೆಸಿಕೊಂಡು, “ಸೋಮವಾರ ಏಳು ಗಂಟೆಗೆ ಬನ್ನಿ. ಕೈಗವಸು ತನ್ನಿ,” ಎಂದಷ್ಟೇ ಹೇಳಿ ಏಣಿಯ ಕಡೆಗೆ ಹೋದ.

ಶನಿವಾರ ನಾಲ್ಕನೇ ಗೇಟಿನ ಮುಂದೆ ಅಡ್ಡಹಲಗೆ ಇಳಿಸುತ್ತಾರೆ. ನೀರು ಪೂರ್ತಿ ಹೊರಹೋಗಲು ಎರಡು ದಿನ ಬೇಕು. ಪುಸ್ತಕದ ಪ್ರಕಾರ ಆ ಗೇಟಿನಲ್ಲಿ ನಲವತ್ತೊಂದು ಸುತ್ತುಗಳಿವೆ.